ಯಾವ ದಡ, ಇನ್ನೊಂದು ಸಲ ಹೇಳು

ಬಿರ್ಕತ್ ನಜ್ಮ್
ಜನವರಿ 28, ಬುಧವಾರ

ಹನೀನಳ ಅಪ್ಪ, ಉಸ್ತಾ ಅತಿಯಾನಿಗೆ ಇನ್ಶಿರಾಹಳ ಸಲಾಮು.

ಲಕೋಟೆಯ ಮೇಲೆ ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಕಂಡ ಕೂಡಲೇ ಹರಿದು ನಿಮ್ಮ ಆ ಕೆಂಪು ಸಮುದ್ರಕ್ಕೆ ಎಸೆದುಬಿಡಬೇಡ. ಒಳಗೆ ಮೊಹರು ಬಿದ್ದ ಇನ್ನೊಂದು ಕಾಗದವಿದೆ. ಅದು ನನ್ನದಲ್ಲ, ನಿನ್ನದು. ಒಂದೂವರೆ ವರ್ಷದ ಹಿಂದೆ ನಿನ್ನ ತಲೆಗೆ ಕಟ್ಟಿದ ತಪ್ಪನ್ನು ಅಳಿಸಿಹಾಕಿದ್ದಾರೆ, ಅತಿಯಾ. ಪೂರ್ತಿಯಾಗಿ. ಮೂರನೇ ನಂಬರಿನ ಆಂಬುಲೆನ್ಸು ಮತ್ತೆ ನಿನ್ನದು. ಫೆಬ್ರವರಿ ಹದಿನೈದರೊಳಗೆ ಸಹಿ ಹಾಕಿ ಕಳಿಸಿದರೆ ರಮದಾನಿನ ಮೊದಲ ದಿನ ನೀನು ಸ್ಟಿಯರಿಂಗ್ ಹಿಂದೆ ಕೂತಿರುತ್ತೀಯ.

ಆದರೆ ಸಹಿ ಹಾಕುವ ಮೊದಲು ಈ ಪತ್ರವನ್ನು ಕೊನೆಯವರೆಗೂ ಓದು. ನಾನು ನಿನಗೊಂದು ವಿಷಯ ಹೇಳಬೇಕು. ಅದು ತಿಳಿಯದೆ ನೀನು ವಾಪಸ್ ಬಂದರೆ, ಅದು ನಾನು ನಿನಗೆ ಮಾಡುವ ಎರಡನೇ ಮೋಸವಾಗುತ್ತದೆ. ಮೊದಲನೆಯದು ಯಾವುದು ಎಂದು ಈಗಲೇ ಕೇಳಬೇಡ, ಬರುತ್ತೇನೆ. ನನಗೆ ಧೈರ್ಯ ಕಡಿಮೆ, ಸೇತುವೆ ಸುತ್ತಿಕೊಂಡು ಬರುತ್ತೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯೇನೋ. ಪ್ರತಿ ಶುಕ್ರವಾರ ನೀನು ಮಗಳ ಹತ್ತಿರ ಮುಕ್ಕಾಲು ಗಂಟೆ ಹರಟುತ್ತೀಯ. ಅವಳು "ಅಮ್ಮಂಗೆ ಕೊಡ್ಲಾ ಅಪ್ಪಾ?" ಎಂದ ಕೂಡಲೇ ನಿನ್ನ ನೀರಿನ ಟ್ಯಾಂಕರಿಗೆ ಎಲ್ಲಿಲ್ಲದ ಅವಸರ ಬಂದುಬಿಡುತ್ತದೆ. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ಹದಿನೇಳು ವರ್ಷ ಆಂಬುಲೆನ್ಸು ಠಾಣೆಯ ರೇಡಿಯೋ ಮುಂದೆ ಕೂತು ಗಾಡಿ ಕಳಿಸಿದವಳ ಕಿವಿಗೆ ಒಂದು ಗೋಡೆ ಯಾವ ಲೆಕ್ಕ? ನಿನಗೆ ಕೆಮ್ಮು ಬಂದಿದೆ, ಸಫಾಗಾದ ಗಾಳಿ ಹಿಡಿಸಿಲ್ಲ, ನಿನ್ನ ದೊಡ್ಡಪ್ಪನ ಮಗ ಮೀನು ಸುಟ್ಟರೆ ಸೀದುಹೋಗುತ್ತದೆ. ಎಲ್ಲ ಗೊತ್ತು. ಹನೀನ್ ನಿನಗೆ ಹೇಳದ ಒಂದು ಸುದ್ದಿ ನಾನು ಹೇಳುತ್ತೇನೆ: ನಿನ್ನ ಹಳೇ ನೀಲಿ ಜಾಕೆಟ್ಟನ್ನು ಅವಳೇ ಹಾಕಿಕೊಂಡು ಟ್ಯೂಷನ್ನಿಗೆ ಹೋಗುತ್ತಾಳೆ. ತೋಳು ಮಡಚಿದರೂ ಬೆರಳು ಕಾಣುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಶೌಕತ್ ಬೇ ನಮ್ಮ ಠಾಣೆಯ ಮುಖ್ಯಸ್ಥನಾಗಿ ಬರುವ ಮೊದಲು ನಿನ್ನನ್ನು ಎಲ್ಲರೂ ಏನೆಂದು ರೇಗಿಸುತ್ತಿದ್ದರು, ನೆನಪಿದೆಯಾ? ಮೂರು ಸಲ ಕೇಳುವ ಅತಿಯಾ. ನಾನು ವಿಳಾಸ ಹೇಳಿದರೆ ಸಾಲದು. "ಯಾವ ಬೀದಿ? ಬೇಕರಿ ಇರೋದಾ, ಗ್ಯಾರೇಜ್ ಇರೋದಾ? ಇನ್ನೊಂದ್ಸಲ ಹೇಳೇ ಇನ್ಶಿರಾಹ್" ಎಂದು ಪ್ರಾಣ ತಿನ್ನುತ್ತಿದ್ದೆ. ಮದುವೆಗೆ ಮುಂಚಿನಿಂದಲೂ ಹಾಗೇ. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದವನೂ ನೀನೇ, ನಾನು ಹೂಂ ಎಂದ ಮೇಲೆ ಇನ್ನೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡವನೂ ನೀನೇ. ಹನ್ನೊಂದು ವರ್ಷದಲ್ಲಿ ನಿನ್ನ ಗಾಡಿ ಒಂದೇ ಒಂದು ಸಲವೂ ತಪ್ಪು ಬಾಗಿಲು ತಟ್ಟಿರಲಿಲ್ಲ.

ಆಮೇಲೆ ಆ ಮಹಾನುಭಾವ ಬಂದ. ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ಸಾಲು. ಗೇಟಿನ ಪಕ್ಕ ಕರಿಹಲಗೆ, ಕೆಂಪು ಸೀಮೆಸುಣ್ಣ, ಮೇಲೆ ದಪ್ಪಕ್ಷರದಲ್ಲಿ 'ಕಿವುಡರ ಪಟ್ಟಿ'. ರೇಡಿಯೋದಲ್ಲಿ ವಿಳಾಸವನ್ನು ಎರಡನೇ ಸಲ ಕೇಳಿದವರ ಹೆಸರಿಗೆ ಒಂದು ಗೆರೆ. ಮೂರು ಗೆರೆ ಬಿದ್ದರೆ ಗಾಡಿ ಕಿತ್ತುಕೊಂಡು ಉಗ್ರಾಣಕ್ಕೆ ಕಳಿಸುವುದು. "ಜೀವ ಉಳಿಸೋ ಕೆಲಸ ಇದು, ಇಲ್ಲಿ ಒಂದೇ ಉತ್ತರ: ಹಾದಿರ್! ಅಪ್ಪಣೆ ಅಂದ್ರೆ ಅಪ್ಪಣೆ. ಪ್ರಶ್ನೆ ಕೇಳೋರು ಹೋಗಿ ಮೇಷ್ಟ್ರಾಗಿ" ಎನ್ನುತ್ತಿದ್ದ. ಹಲಗೆಯ ಮೇಲೆ ಬಿದ್ದ ಮೊದಲ ಹೆಸರು ನಿನ್ನದೇ. ಮೊದಲ ತಿಂಗಳಲ್ಲೇ ಎರಡು ಗೆರೆ.

ಆ ಎರಡು ವರ್ಷ ನಾವು ಬದುಕಿದ್ದನ್ನು ಬದುಕು ಎನ್ನುತ್ತಾರಾ? ನಿನ್ನ ಜೊತೆಯ ಚಾಲಕ ಸಬ್ರಿ ದಿನಾ ಬೆಳಿಗ್ಗೆ ಸಾಲಿಗೆ ಮುಂಚೆ ಗ್ಯಾರೇಜಿನ ಹಿಂದೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಇಪ್ಪತ್ತಾರರ ಹುಡುಗನಿಗೆ ಬಿಪಿ ಮಾತ್ರೆ. ನೀನು ಮನೆಗೆ ಬಂದರೆ ಶೂ ಬಿಚ್ಚದೆ ಬಾಗಿಲ ಬಳಿಯೇ ಅರ್ಧ ಗಂಟೆ ಕೂರುತ್ತಿದ್ದೆ. ನಾನೇನಾದರೂ ಕೇಳಿದರೆ ನನಗೂ ಅದೇ ಉತ್ತರ, "ಹಾದಿರ್." ಟೊಮೆಟೊ ತಾ ಎಂದರೆ ಹಾದಿರ್, ಮಗಳಿಗೆ ಜ್ವರ ಎಂದರೆ ಹಾದಿರ್. ಒಳ್ಳೆ ಗಂಡಸನ್ನು ಗಿಳಿ ಮಾಡಿಬಿಟ್ಟರಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಅವನನ್ನೂ ಪೂರ್ತಿ ಬೈಯುವಂತಿಲ್ಲ ಬಿಡು. ಮೇಲಿನವರ ಫೋನು ಬಂದಾಗ ಶೌಕತ್ ಬೇ ಕುರ್ಚಿಯಿಂದ ಎದ್ದು ನಿಂತು ಹಾದಿರ್ ಎನ್ನುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಜೂನ್ ತಿಂಗಳ ಆ ಮಧ್ಯಾಹ್ನದ ಬಗ್ಗೆ ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಮುಂದಕ್ಕೆ ಹೋಗಲಾರೆ. ಮಿತ್ ಶರಫ್‌ನಿಂದ ಕರೆ ಬಂತು. ದರ್ಜಿ ಕೆಲಸದ ಸಿತ್ ಫಹೀಮಾಗೆ ಎದೆನೋವು, ಮಸೀದಿಯ ಪಕ್ಕದ ಮನೆ. ಮಿತ್ ಶರಫ್ ಎಂದರೆ ಎರಡು ಊರು. ಕಾಲುವೆಯ ಈಚೆ, ನಮ್ಮ ಕಡೆಯದು ಬಹ್ರಿ, ಆಚೆಯದು ಕಿಬ್ಲಿ. ಎರಡರಲ್ಲೂ ಮಸೀದಿ, ಎರಡರಲ್ಲೂ ಅದೇ ಹೆಸರಿನ ಜನ. ನಡುವೆ ಕಲ್ಲೆಸೆದರೆ ಆಚೆ ಬೀಳುವಷ್ಟೇ ನೀರು, ಆದರೆ ಸೇತುವೆ ಮಾತ್ರ ನಾಲ್ಕು ಕಿಲೋಮೀಟರ್ ಹಿಂದೆ. ನೀನು ರೇಡಿಯೋದ ಗುಂಡಿ ಒತ್ತಿದೆ. ನಿನ್ನ ಬಾಯಿಯವರೆಗೆ ಪ್ರಶ್ನೆ ಬಂದದ್ದು ನನಗೆ ಕೇಳಿಸಿತು. ನಿನ್ನ ಹೆಸರಿಗಾಗಲೇ ಎರಡು ಗೆರೆಯಿತ್ತು. ಹಾದಿರ್ ಎಂದು ಹೊರಟುಬಿಟ್ಟೆ.

ನೀನು ಬಹ್ರಿಗೆ ಹೋದೆ. ಆಚೆ ದಡದಲ್ಲಿ ಅವಳ ಮಗ ಜಾಬಿರ್ ತಲೆಯ ಶಾಲು ಬಿಚ್ಚಿ ಬೀಸುತ್ತಾ ಕೂಗುತ್ತಿದ್ದ. ನೀನು ಗಾಡಿ ತಿರುಗಿಸಿ, ಸೇತುವೆ ಸುತ್ತಿ, ಹದಿನೆಂಟು ನಿಮಿಷ ತಡವಾಗಿ ತಲುಪಿದೆ. ಆ ಹದಿನೆಂಟು ನಿಮಿಷ ಇದ್ದಿದ್ದರೆ ಅವಳು ಬದುಕುತ್ತಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ವಿಚಾರಣೆಯಲ್ಲಿ ನನ್ನ ಕರೆಪುಸ್ತಕ ತೆಗೆಸಿದರು. ಅದರಲ್ಲಿ 'ಕಿಬ್ಲಿ' ಎಂದು ಸ್ಪಷ್ಟವಾಗಿ ಬರೆದಿತ್ತು. ಶೌಕತ್ ಬೇ ನಿನ್ನ ಕಡೆ ತಿರುಗಿ "ಆಕೆ ಹೇಳಿದ್ದಾಳೆ, ನಿನಗೆ ಕೇಳಿಸಿಲ್ಲ. ಕಿವುಡ" ಎಂದ. ನಿನ್ನನ್ನು ತೆಗೆದುಹಾಕಿದರು.

ನೀನು ಚೀಲ ಕಟ್ಟಿದ ದಿನ ನಾನು ನಿನ್ನನ್ನು ತಡೆಯಲಿಲ್ಲ. ತಡೆಯುವ ಬದಲು ಕೂಗಾಡಿದೆ. ಮೆಟ್ಟಿಲಿಳಿಯುತ್ತಿದ್ದ ನಿನ್ನ ಬೆನ್ನಿಗೆ, ಅಕ್ಕಪಕ್ಕದವರೆಲ್ಲ ಬಾಗಿಲು ತೆರೆದು ನೋಡುತ್ತಿರುವಾಗ, ಶೌಕತ್ ಬೇ ಹೇಳಿದ ಅದೇ ಪದ ಎಸೆದೆ. ನೀನು ಒಂದು ಮೆಟ್ಟಿಲ ಮೇಲೆ ನಿಂತೆ, ಆಮೇಲೆ ಇಳಿದುಹೋದೆ.

ಸೇತುವೆ ಮುಗಿಯಿತು, ಇನ್ನು ಸುತ್ತಲು ದಾರಿಯಿಲ್ಲ. ಅತಿಯಾ, ನಿನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಆ ದಿನ ಕಿಬ್ಲಿ ಎಂದು ಹೇಳಲೇ ಇಲ್ಲ. ಬಹ್ರಿ ಎಂದೂ ಹೇಳಲಿಲ್ಲ. ಬರೀ ಮಿತ್ ಶರಫ್, ಮಸೀದಿ ಪಕ್ಕ ಎಂದೆ. ಪುಸ್ತಕದಲ್ಲಿ ದಡ ಬರೆಯುವ ಜಾಗ ಖಾಲಿ ಇತ್ತು. ನೀನು ಆಚೆ ದಡದಿಂದ ರೇಡಿಯೋದಲ್ಲಿ "ಹೋಗ್ಬಿಟ್ಟಿದ್ದಾಳೆ" ಎಂದೆಯಲ್ಲ, ಅದು ಕೇಳಿದ ಮೇಲೆ ನಾನು ಅದೇ ಪೆನ್ನಿನಲ್ಲಿ 'ಕಿಬ್ಲಿ' ಎಂದು ತುಂಬಿದೆ. ಸಾಲಿನಲ್ಲಿ ನಿಲ್ಲಬೇಕಲ್ಲ, ಆ ಹಲಗೆಯಲ್ಲಿ ನನ್ನ ಹೆಸರು ಬೀಳುತ್ತದಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಿನ್ನ ಹೆಸರು ಬೀಳುತ್ತದೆ ಎಂದು ಆಗ ಹೊಳೆಯಲಿಲ್ಲ ಎಂದರೆ ನೀನು ನಂಬುತ್ತೀಯೋ ಇಲ್ಲವೋ. ಹೊಳೆದ ಮೇಲೂ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ನನ್ನ ಹತ್ತಿರ ಸಬೂಬು ಇಲ್ಲ. ನಿನ್ನ ಮುಖ ನೋಡಲಾಗದೆ ನಿನ್ನ ಮೇಲೆಯೇ ಹರಿಹಾಯುತ್ತಿದ್ದೆ. ತಪ್ಪು ನನ್ನದು, ಅತಿಯಾ. ನನ್ನದು.

ಇಲ್ಲಿಗೆ ಪತ್ರ ಕೆಳಗಿಟ್ಟು ಹೊರಗೆ ಹೋಗಿ ಬಾ. ಕೋಪ ಬಂದರೆ ಆ ಟ್ಯಾಂಕರಿನ ಚಕ್ರಕ್ಕೆ ನಾಲ್ಕು ಒದೆ. ಆಮೇಲೆ ಬಂದು ಮುಂದಿನದನ್ನು ಓದು, ಏಕೆಂದರೆ ಇನ್ನು ಮುಂದಿರುವುದು ಒಳ್ಳೆಯ ಸುದ್ದಿ.

ಕಳೆದ ಮಾರ್ಚಿನಲ್ಲಿ ಶೌಕತ್ ಬೇಗೆ ವರ್ಗವಾಯಿತು. ಅವನ ಜಾಗಕ್ಕೆ ಪೋರ್ಟ್ ಸೈದಿನಿಂದ ಡಾಕ್ಟರಾ ಇಬ್ತಿಹಾಲ್ ಎಂಬ ಲೇಡಿ ಡಾಕ್ಟರು ಬಂದರು. ಕುಳ್ಳಗಿದ್ದಾರೆ, ಒಂದು ಮೊಣಕಾಲು ನೋವು, ನಕ್ಕರೆ ಮೂರು ಬೀದಿಗೆ ಕೇಳಿಸುತ್ತದೆ. ಮೊದಲ ದಿನ ನಾವೆಲ್ಲ ರೂಢಿಯಂತೆ ಸಾಲಾಗಿ ನಿಂತಿದ್ದೆವು. ಅವರು ಕುಂಟುತ್ತಾ ಬಂದು, "ಯಾರಾದ್ರೂ ಸತ್ತಿದ್ದಾರಾ? ಯಾಕೆ ಹೀಗೆ ನಿಂತಿದ್ದೀರಿ?" ಎಂದರು. ಯಾರೂ ನಗಲಿಲ್ಲ. ಹಲಗೆ ನೋಡಿದರು, ಸ್ಕಾರ್ಫಿನ ತುದಿಯಲ್ಲೇ ಅದನ್ನು ಒರೆಸಿದರು, ಕೆಂಪು ಸೀಮೆಸುಣ್ಣ ಎತ್ತಿಕೊಂಡು ಮೇಲೆ ತಮ್ಮ ಹೆಸರನ್ನೇ ಬರೆದರು.

"ನಾನು ಹೊಸ ಡಾಕ್ಟರಾಗಿದ್ದಾಗ ಹೆಸರು ಕೇಳಿಸಿಕೊಳ್ಳದೆ ಒಬ್ಬಳಿಗೆ ಇನ್ನೊಬ್ಬಳ ಇಂಜೆಕ್ಷನ್ ಕೊಟ್ಟುಬಿಟ್ಟೆ. ಇನ್ನೊಂದ್ಸಲ ಕೇಳೋಕೆ ನಾಚಿಕೆ ಆಯ್ತು. ಆಕೆ ಬದುಕಿಕೊಂಡ್ಲು, ಆದ್ರೆ ನನ್ನಿಂದಲ್ಲ. ಇಪ್ಪತ್ತಮೂರು ವರ್ಷ ಆಯ್ತು, ಹೆಸರು ಮಾತ್ರ ಮರೆತಿಲ್ಲ. ಇಲ್ಲಿ ಪಟ್ಟಿ ಬೇಕು ಅಂದ್ರೆ ನನ್ನಿಂದ್ಲೇ ಶುರುವಾಗ್ಲಿ" ಎಂದರು. ಆಮೇಲೆ, "ಫೂಲ್ ಎಲ್ಲಿ ಚೆನ್ನಾಗಿರುತ್ತೆ ಈ ಊರಲ್ಲಿ? ಹೊಟ್ಟೆ ಹಸಿದಿದೆ" ಎಂದು ಕೇಳಿದರು.

ಈಗ ಆ ಹೊತ್ತಿನಲ್ಲಿ ಸಾಲಿಲ್ಲ, ತಿಂಡಿಯಿದೆ. ಬಿಸಿ ರೊಟ್ಟಿ, ಕಾಳು ಬೇಯಿಸಿ ಮಾಡಿದ ಫೂಲ್, ಉಪ್ಪಿನಲ್ಲಿ ಹಾಕಿದ ಮೂಲಂಗಿ. ಒಂದು ಗುಂಪು ತಿನ್ನುವಾಗ ಇನ್ನೊಂದು ಗುಂಪು ಗಾಡಿಯಲ್ಲಿರುತ್ತದೆ. ಕೆಟ್ಟ ಕರೆಯಿಂದ ವಾಪಸ್ಸಾದವರನ್ನು ಒಂದು ಗಂಟೆ ಯಾರೂ ಹೊರಗೆ ಕಳಿಸುವಂತಿಲ್ಲ. ಗಾಡಿ ತೊಳೆಯುವುದಕ್ಕೂ ಮುಂಚೆ ಅವರ ಕೈಗೆ ಚಹಾ ಕೊಡಬೇಕು. ಡಾಕ್ಟರಾ ಮೆದು ಎಂದುಕೊಳ್ಳಬೇಡ. ಆಕ್ಸಿಜನ್ ಸಿಲಿಂಡರು ಅರ್ಧ ಖಾಲಿಯಿತ್ತೆಂದು ಸಬ್ರಿಗೆ ಮಾಡಿದ ಮಂಗಳಾರತಿ ಕೇಳಿ ನನಗೇ ಅಯ್ಯೋ ಅನಿಸಿತು. ಆದರೆ ಅದು ಅವರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ನನ್ನನ್ನು ಅಕ್ಕನೆಂದೇ ಕರೆಯುವ ಸಬ್ರಿ ಹೊರಗೆ ಬಂದು, "ಬೈದ್ರು ಅಬ್ಲಾ, ಚೆನ್ನಾಗೇ ಬೈದ್ರು. ಆದ್ರೆ ವಾಂತಿ ಬರ್ಲಿಲ್ಲ!" ಎಂದು ಹಲ್ಲು ಕಿರಿದ. ಅವನ ಮಾತ್ರೆ ಈಗ ಅರ್ಧಕ್ಕೆ ಇಳಿದಿದೆ. ರಾತ್ರಿ ನಿದ್ದೆ ಬರುತ್ತದಂತೆ.

ಅವರು ತಂದ ದೊಡ್ಡ ನಿಯಮ ಒಂದೇ. ವಿಳಾಸ ಸರಿಯಾಗಿ ಕೇಳಿಸಿದ್ದರೂ ಚಾಲಕ ಅದನ್ನು ಇನ್ನೊಂದು ಸಲ ಕೇಳಲೇಬೇಕು. ಕೇಳದೆ ಗಾಡಿ ಹೊರಡುವಂತಿಲ್ಲ. ಎರಡು ವರ್ಷ ಬಾಯಿ ಹೊಲಿದುಕೊಂಡಿದ್ದ ಗಂಡಸರಿಗೆ ಇದು ಬಲು ಮುಜುಗರ. ತಮಾಷೆಯ ಮರೆಯಿಲ್ಲದೆ ಕೇಳಲು ಅವರಿಗೆ ಆಗಲಿಲ್ಲ. ಆ ತಮಾಷೆ ಏನು ಗೊತ್ತಾ? ಸಬ್ರಿಯೇ ಶುರು ಮಾಡಿದ. "ಅಬ್ಲಾ, ಇನ್ನೊಂದ್ಸಲ ಹೇಳಿ, ನನ್ನನ್ನ ಅತಿಯಾ ಮಾಡ್ಬೇಡಿ!" ಉಳಿದವರಿಗೂ ಅದೇ ಬಾಯಿಪಾಠವಾಯಿತು. ದಿನಕ್ಕೆ ಮೂವತ್ತು ನಲವತ್ತು ಸಲ, ನನ್ನ ಕಿವಿಯೊಳಗೇ. ಅತಿಯಾ ಮಾಡ್ಬೇಡಿ, ಅತಿಯಾ ಮಾಡ್ಬೇಡಿ. ನಿನ್ನ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬ ಪರಿವೆಯೂ ಇಲ್ಲದೆ. ನಾನು ನಕ್ಕು ವಿಳಾಸ ಹೇಳುತ್ತಿದ್ದೆ. ಆರು ತಿಂಗಳು ನಕ್ಕೆ. ಅಕ್ಟೋಬರ್ ತಿಂಗಳ ಒಂದು ಸೋಮವಾರ ನಗು ಬರಲಿಲ್ಲ.

ಎಲ್ಲರೂ ತಿಂಡಿಗೆ ಕೂತಿದ್ದರು. ನಾನು ಕರೆಪುಸ್ತಕ ಎದೆಗವಚಿಕೊಂಡು ಹೋಗಿ ನಿಂತೆ. "ಅತಿಯಾ ತಪ್ಪು ಕೇಳಿಸಿಕೊಳ್ಳಲಿಲ್ಲ, ನಾನು ಹೇಳಲೇ ಇಲ್ಲ. ಆಮೇಲೆ ಬರೆದೆ" ಎಂದು ಆ ಪುಟ ತೆರೆದು ತೋರಿಸಿದೆ. ಸಬ್ರಿಯ ಕೈಯಲ್ಲಿದ್ದ ರೊಟ್ಟಿ ತುಂಡು ಹಾಗೇ ನಿಂತಿತು.

ಡಾಕ್ಟರಾ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿ ಬೈದರು ನೋಡು, ನನ್ನ ತಾಯಿಯೂ ಹಾಗೆ ಬೈದಿರಲಿಲ್ಲ. "ಮರೆತಿದ್ದು ತಪ್ಪಲ್ಲ. ನಾಲಿಗೆ ಎಲ್ರಿಗೂ ತೊದಲುತ್ತೆ. ಬರೆದ್ಯಲ್ಲ, ಅದು ತಪ್ಪು. ಒಬ್ಬ ಮನುಷ್ಯನ್ನ ಹೂತು ಮೇಲೆ ಮಣ್ಣು ಎಳೆದಿದ್ದೀಯ ನೀನು" ಎಂದರು. ನಾನು ಅಳುತ್ತಾ ಹಾದಿರ್ ಎಂದೆ. ಅವರು ಮೇಜು ಕುಟ್ಟಿ, "ಹಾದಿರ್ ಬೇಡ! ಈಗ ಏನು ಮಾಡ್ತೀಯ ಹೇಳು" ಎಂದರು. ಬರೆದು ಕೊಡುತ್ತೇನೆ ಎಂದೆ. ಮೂರು ಪುಟ ಬರೆದೆ. ಅದಕ್ಕೆ ಅವರೂ ಒಂದು ಪುಟ ಸೇರಿಸಿ ಮೇಲಿನವರಿಗೆ ಕಳಿಸಿದರು. ನನಗೆ ಲಿಖಿತ ಛೀಮಾರಿ ಬಂತು, ಆರು ವಾರ ರೇಡಿಯೋದಿಂದ ದೂರ, ಕಡತ ಜೋಡಿಸುವ ಕೆಲಸ. ನಿನ್ನ ಕಡತ ಮತ್ತೆ ತೆರೆಯಿತು. ನಾನು ಒಪ್ಪಿಕೊಂಡ ದಿನದ ಸಂಜೆಯೇ ಡಾಕ್ಟರಾ ಎಲ್ಲರನ್ನೂ ನಿಲ್ಲಿಸಿ, "ಇವತ್ತಿಂದ ಉಸ್ತಾ ಅತಿಯಾನ ಹೆಸರನ್ನ ತಮಾಷೆಗೆ ಯಾರಾದ್ರೂ ಎತ್ತಿದ್ರೆ ಹುಷಾರ್" ಎಂದರು. ಮನೆಗೆ ಹೊರಟ ನನ್ನ ಕೈಗೆ ಒಂದು ಪೊಟ್ಟಣ ತುರುಕಿದರು. ನಾನು ತಿನ್ನದೆ ಬಿಟ್ಟಿದ್ದ ತಿಂಡಿ ಅದು.

ಅದೇ ವಾರ ನಾನು ಸಿತ್ ಫಹೀಮಾಳ ಮನೆಗೆ ಹೋದೆ. ಡಾಕ್ಟರಾ ಜೊತೆಗೆ ಬರುತ್ತೇನೆಂದರು, ಬೇಡ ಎಂದೆ. ಜಾಬಿರ್ ಬಾಗಿಲು ತೆರೆದ. ಉಗಿಯುತ್ತಾನೆ, ಹೊಡೆಯುತ್ತಾನೆ ಎಂದೇ ಹೋಗಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು, ತಾಯಿಯ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ಕೂತ. ಆಮೇಲೆ, "ನಾನೂ ಹೇಳ್ಲಿಲ್ವಲ್ಲ ಅಬ್ಲಾ. ಮಿತ್ ಶರಫ್ ಅಂದೆ, ಅಷ್ಟೇ. ನಮಗೆ ಊರು ಅಂದ್ರೆ ಇದೊಂದೇ, ಆಚೆ ಕಡೆಯದು ಊರು ಅಂತ ಯಾವತ್ತು ಅಂದಿದ್ದೀವಿ? ದಿನಾ ಅದೇ ಯೋಚನೆ ಮಾಡ್ತೀನಿ" ಎಂದ. ಅವನು ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಆದರೆ ನಿನ್ನ ಬಗ್ಗೆ ಒಂದು ಮಾತು ಹೇಳಿದ, ಅದನ್ನು ಇಲ್ಲಿಗೆ ಹೊತ್ತು ತಂದಿದ್ದೇನೆ: "ಆ ಡ್ರೈವರ್ ನಮ್ಮಮ್ಮನ್ನ ಸ್ಟ್ರೆಚರ್ ಇಲ್ದೆ ಎರಡು ಕೈಲಿ ಎತ್ಕೊಂಡು ಓಡಿದ. ಅವನಿಗೆ ನನ್ನ ಸಲಾಮು ಹೇಳಿ."

ಒಬ್ಬಳ ಸಾವನ್ನು ಮೂರು ಜನ ಮೂರು ಮನೆಯಲ್ಲಿ ಬಚ್ಚಿಟ್ಟುಕೊಂಡು ಸೊರಗಿದೆವಲ್ಲ ಅತಿಯಾ. ಒಂದು ಹಲಗೆ, ಒಂದು ಸೀಮೆಸುಣ್ಣ ಸಾಕಾಯಿತು.

ಈಗ ಈ ತಿಂಗಳ ಹದಿಮೂರಕ್ಕೆ ಬಾ. ಮಂಗಳವಾರ, ಬೆಳಿಗ್ಗೆ ಏಳೂಕಾಲು. ಚಾಚಿದ ಕೈ ಕಾಣದಂಥ ಮಂಜು. ನಾನು ಮತ್ತೆ ರೇಡಿಯೋ ಮುಂದೆ. ಒಬ್ಬ ಲಾರಿಯವನ ಕರೆ ಬಂತು, ಪರವೂರಿನವನು, ಗಂಟಲು ಹರಿದುಹೋಗುವಂತೆ ಕಿರುಚುತ್ತಿದ್ದ. "ಮಿತ್ ಶರಫ್ ಅಂತ ಬೋರ್ಡಿದೆ! ಮಿನಿಬಸ್ ಕಾಲುವೆಗೆ ಬಿತ್ತು! ಹೆಂಗಸರು, ತುಂಬಾ ಜನ ಇದ್ದಾರೆ!" ಕಿತ್ತಳೆ ಮಂಡಿಗೆ ಹಣ್ಣು ಆರಿಸಲು ಹೋಗುತ್ತಿದ್ದ ಹದಿನಾಲ್ಕು ಹೆಂಗಸರು. ನಾನು ಗುಂಡಿ ಒತ್ತಿ ಮೂರೂ ಗಾಡಿಗೆ ಹೇಳಿದೆ: "ಮಿತ್ ಶರಫ್, ಕಾಲುವೆಯಲ್ಲಿ ಮಿನಿಬಸ್."

ನಗಬೇಡ. ನನ್ನ ನಾಲಿಗೆ ಮತ್ತೆ ಅದನ್ನೇ ಮಾಡಿತು. ಅಷ್ಟೆಲ್ಲ ಅನುಭವಿಸಿದವಳು, ಪ್ರಾಯಶ್ಚಿತ್ತ ಪತ್ರ ಬರೆದುಕೊಟ್ಟವಳು, ಆ ಕಿರುಚಾಟ ಕಿವಿಗೆ ಬಿದ್ದದ್ದೇ ತಡ, ದಡ ಹೇಳುವುದನ್ನು ಮರೆತೆ. ಆ ಮಂಜಿನಲ್ಲಿ ಅವರು ಬಹ್ರಿಗೆ ಹೋಗಿದ್ದರೆ ಆಚೆ ದಡದಲ್ಲಿ ಕೈ ಬೀಸುವವರೂ ಕಾಣುತ್ತಿರಲಿಲ್ಲ.

ಸಬ್ರಿ ಕೇಳಿದ. ಎಂಜಿನ್ ಶುರುವಾಗಿತ್ತು, ಸೈರನ್ ಕೂಗುತ್ತಿತ್ತು, ಆದರೂ ಗೇಟಿನಲ್ಲಿ ನಿಲ್ಲಿಸಿ ಕೇಳಿದ. ಲಾರಿಯವನು ಇನ್ನೂ ಫೋನಿನಲ್ಲಿದ್ದ. "ಯಾವ ದಡ, ಬಹ್ರಿಯೋ ಕಿಬ್ಲಿಯೋ?" ಎಂದರೆ ಅವನಿಗೇನು ಗೊತ್ತು! "ಅಣ್ಣಾ, ಅಲ್ಲಾಹನ ಆಣೆ, ಒಂದೇ ಮಾತು ಹೇಳು, ಬಿರ್ಕತ್ ನಜ್ಮ್ ಕಡೆಯಿಂದ ಬರೋವಾಗ ಸೇತುವೆ ದಾಟಿದ್ಯಾ?" ಎಂದೆ. "ದಾಟ್ದೆ, ದಾಟ್ದೆ! ಉದ್ದನೆಯ ಕಬ್ಬಿಣದ ಸೇತುವೆ!" "ಕಿಬ್ಲಿ!" ಎಂದು ರೇಡಿಯೋದಲ್ಲಿ ಕಿರುಚಿದೆ. ಮೂರು ಗಾಡಿಯವರೂ ಒಬ್ಬರಾದ ಮೇಲೊಬ್ಬರು "ಕಿಬ್ಲಿ" ಎಂದು ತಿರುಗಿ ಹೇಳಿದರು. ಎಲ್ಲ ಸೇರಿ ನಲವತ್ತು ಸೆಕೆಂಡು.

ಒಂಬತ್ತು ನಿಮಿಷಕ್ಕೆ ತಲುಪಿದರು. ಅಷ್ಟರಲ್ಲಿ ಕಿಬ್ಲಿಯ ಜನ ಹಗ್ಗ ಕಟ್ಟಿ ನೀರಿಗಿಳಿದಿದ್ದರು, ಜಾಬಿರನೂ ಅವರಲ್ಲಿದ್ದನಂತೆ. ಕೊನೆಯ ಹುಡುಗಿಯನ್ನು ಎಳೆದಾಗ ಉಸಿರಿರಲಿಲ್ಲ. ಸಬ್ರಿ ಆ ಕೆಸರಿನಲ್ಲೇ ಮಂಡಿಯೂರಿ ಅವಳ ಎದೆ ಒತ್ತುತ್ತಾ ಕೂತ. ರೇಡಿಯೋ ತೆರೆದೇ ಇತ್ತು, ಅವನು ಎಣಿಸುವುದು ನನಗೆ ಕೇಳಿಸುತ್ತಿತ್ತು. ಡಾಕ್ಟರಾ ನನ್ನ ಹಿಂದೆ ಬಂದು ನಿಂತು ನನ್ನ ಎರಡೂ ಭುಜ ಹಿಡಿದಿದ್ದರು. ಆಮೇಲೆ ಒಂದು ಕೆಮ್ಮು. ಆಮೇಲೆ ಸಬ್ರಿ ಹೋ ಎಂದು ಅತ್ತದ್ದು. ಹದಿನಾಲ್ಕಕ್ಕೆ ಹದಿನಾಲ್ಕು ಜನ, ಅತಿಯಾ! ಹದಿನಾಲ್ಕೂ ಜನ ಬದುಕಿದರು! ಆ ಹುಡುಗಿಯ ಹೆಸರು ನಗಾತ್. ಮೊನ್ನೆ ಅವಳ ತಾಯಿ ಒಂದು ಬುಟ್ಟಿ ಕಿತ್ತಳೆ ತಂದುಕೊಟ್ಟು ಸಬ್ರಿಯ ಹಣೆಗೆ ಮುತ್ತಿಟ್ಟು ಹೋದಳು, ಅವನು ಟೊಮೆಟೊ ಹಾಗೆ ಕೆಂಪಾದ.

ಅವರೆಲ್ಲ ವಾಪಸ್ ಬಂದಾಗ ಡಾಕ್ಟರಾ ಗೇಟಿನಲ್ಲೇ ಇದ್ದರು. ಪಕ್ಕದ ಠಾಣೆಯವರಿಗೆ ಹೇಳಿ ನಮ್ಮ ಕರೆಗಳನ್ನೆಲ್ಲ ಅವರಿಗೆ ವಹಿಸಿದ್ದರು. ಒದ್ದೆ ಬಟ್ಟೆ ಬದಲಾಯಿಸಲು ಹೇಳಿ, ಮೆಟ್ಟಿಲ ಮೇಲೆ ಕೂರಿಸಿ, ಎಲ್ಲರಿಗೂ ಕಂಬಳಿ ಹೊದಿಸಿದರು. ಮಾತಾಡುವವರು ಮಾತಾಡಿದರು, ಅಳುವವರು ಅತ್ತರು, ಯಾರೂ ಯಾರನ್ನೂ ಹೆಂಗಸಿನ ಹಾಗೆ ಅಳ್ತೀಯಲ್ಲೋ ಎನ್ನಲಿಲ್ಲ. ನಾನು ದಡ ಹೇಳಲಿಲ್ಲ ಎಂದು ಎಲ್ಲರೆದುರು ನಾನೇ ಹೇಳಿದೆ. ಡಾಕ್ಟರಾ, "ಗೊತ್ತು. ಅದಕ್ಕೇ ತಾನೇ ಕೇಳೋರು ಇರೋದು!" ಎಂದು ಮೂರು ಬೀದಿಗೆ ಕೇಳಿಸುವಂತೆ ನಕ್ಕರು. ನಾನೂ ನಕ್ಕೆ. ಒಂದೂವರೆ ವರ್ಷದ ಮೇಲೆ ಅವತ್ತೇ ನಾನು ಹೊಟ್ಟೆ ತುಂಬ ಊಟ ಮಾಡಿದ್ದು.

ಇಷ್ಟು ಹೇಳಬೇಕಾಗಿತ್ತು. ಈಗ ಎರಡು ಪ್ರಶ್ನೆ ಇದೆ, ಎರಡನ್ನೂ ಕಲಸಬೇಡ. ಮೊದಲನೆಯದು ಕೆಲಸ. ನನ್ನ ಮೇಲಿನ ಸಿಟ್ಟಿಗೆ ಸಹಿ ಹಾಕದೆ ಇರಬೇಡ. ಆ ಗಾಡಿ ನಿನ್ನದು. ನೀನು ಮತ್ತೆ ಬಾಯಿ ತುಂಬ ಪ್ರಶ್ನೆ ಕೇಳಬಹುದಾದ ಜಾಗ ಈಗ ಇದೆ. ನಾನಿರುವ ಪಾಳಿ ಬೇಡವೆಂದರೆ ಡಾಕ್ಟರಾ ನಿನ್ನನ್ನು ಬೇರೆ ಪಾಳಿಗೆ ಹಾಕುತ್ತಾರೆ, ಕೇಳಿದ್ದೇನೆ. ಎರಡನೆಯದು ಮನೆ. ಅದಕ್ಕೆ ಕೊನೆಯ ದಿನ ಇಲ್ಲ. ನೀನು ಬರುವುದಾದರೆ, ಆದರೆ ನನ್ನ ಮುಖ ನೋಡಲಾಗದು ಎಂದರೆ, ನಾನು ಅಕ್ಕನ ಮನೆಗೆ ಹೋಗಿರುತ್ತೇನೆ. ಮಗಳ ಹತ್ತಿರ ನೀನಿರು. ಇಬ್ಬರೂ ಒಂದೇ ಮನೆಯಲ್ಲಿ ಇರಬಹುದು ಎಂದು ನಿನಗೆ ಯಾವತ್ತಾದರೂ ಅನಿಸಿದರೆ, ನನ್ನನ್ನು ಕೇಳು. ಬೇಕಿದ್ದರೆ ಮೂರು ಸಲ ಕೇಳು. ಮೂರು ಸಲವೂ ಹೂಂ ಎನ್ನುತ್ತೇನೆ.

ಅವತ್ತು ಮೆಟ್ಟಿಲ ಮೇಲೆ ನಿನ್ನ ಬೆನ್ನಿಗೆ ಎಸೆದ ಪದ ನನ್ನದು. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಈ ಊರಿನಲ್ಲಿ ಕಿವಿ ಇದ್ದವನು ನೀನೊಬ್ಬನೇ.

ತಪ್ಪನ್ನು ಒಪ್ಪಿಕೊಂಡು ಹಗುರಾದ,
ನಿನ್ನ ಇನ್ಶಿರಾಹ್

ತಾ.ಕ.: ಮೇಲೆ ಒಂದು ವಿಷಯ ಬೇಕೆಂದೇ ಬಚ್ಚಿಟ್ಟೆ. ಮಂಜಿನ ದಿನ ಸಬ್ರಿ ಕೇಳಿದ ಎಂದೆನಲ್ಲ, ಏನೆಂದು ಕೇಳಿದ ಎಂದು ಬರೆಯಲಿಲ್ಲ. ಅವನು ರೇಡಿಯೋದಲ್ಲಿ ಹೇಳಿದ್ದು ಒಂದೇ ಪದ: "ಅತಿಯಾ!" ಡಾಕ್ಟರಾ ಬೇಡವೆಂದ ಮೇಲೆ ಒಂದು ವಾರ ಎಲ್ಲರೂ ಬಾಯಿ ಬಿಗಿಹಿಡಿದಿದ್ದರು. ಆಮೇಲೆ ಸಬ್ರಿ ಅವರ ಕೋಣೆಗೆ ಹೋಗಿ, "ತಮಾಷೆಗೆ ಅಂದಿದ್ದು ತಪ್ಪಾಯ್ತು. ಆದ್ರೆ ಈ ಠಾಣೇಲಿ ಎಲ್ರಿಗಿಂತ ಮುಂಚೆ ಕೇಳ್ತಿದ್ದೋನು ಅವನೇ, ಕೇಳಿದ್ದಕ್ಕೆ ಪಟ್ಟಿಗೆ ಬಿದ್ದೋನೂ ಅವನೇ. ಆ ಹೆಸರನ್ನ ನಮಗೆ ಬಿಟ್ಟುಕೊಡಿ" ಎಂದನಂತೆ. ಈಗ ಇನ್ನೊಂದು ಸಲ ಹೇಳು ಎನ್ನಲು ನಮ್ಮ ರೇಡಿಯೋದಲ್ಲಿ ಅದೇ ಪದ. ಸುತ್ತಲಿನ ನಾಲ್ಕು ಠಾಣೆಗಳಿಗೂ ಹಬ್ಬಿದೆ. ನಿನ್ನೆ ಆ ಕಡೆಯ ಹೊಸ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಅಬ್ಲಾ, ಎಲ್ರೂ ಅತಿಯಾ ಅತಿಯಾ ಅಂತಾರಲ್ಲ, ಏನದು? ಯಾವುದಾದ್ರೂ ಸಂಕೇತ ಪದವಾ?"

"ಅಲ್ಲಮ್ಮಾ," ಎಂದೆ, "ನನ್ನ ಗಂಡ."